ಸಮುದ್ರಕ್ಕೆ ಒತ್ತೆ ಇಟ್ಟ ಚೊಂಬು

ಗುಬ್ಬಿ
14-9-1983

ಚಿರಂಜೀವಿ ಸಿದ್ದಗಂಗಯ್ಯನಿಗೆ ನಿನ್ನ ಸೋದರಮಾವ ಚಿಕ್ಕಬೀರಯ್ಯ ಹರಸಿ ಬರೆಯೋದು. ಇಲ್ಲಿ ನಾನು, ನಿಮ್ಮತ್ತೆ ಹೊಂಬಾಳಮ್ಮ, ಎಮ್ಮೆ, ಬಾವಿ ನಾಲ್ಕೂ ಜನ ಚೆನ್ನಾಗಿದೀವಿ. ಬಾವೀಲಿ ಈ ಸಲ ಮೂರು ಮೆಟ್ಟಿಲು ನೀರು ಮೇಲೆ ಬಂದಿದೆ.

ಮೊನ್ನೆ ಕುಣಿಗಲ್ಲಿಗೆ ಹೋಗಿದ್ದೆ. ನಿಮ್ಮಮ್ಮ ಭದ್ರಮ್ಮ ನಿನ್ನ ಕಾಗದ ಸೆರಗಿಗೆ ಗಂಟು ಹಾಕ್ಕೊಂಡು, ಓದೋರು ಯಾವಾಗ ಬರ್ತಾರೋ ಅಂತ ನಾಲ್ಕು ದಿನದಿಂದ ಕಾಯ್ತಿದ್ಲು. ಓದಿದೆ. ಮಿನಿಕಾಯ್ ದ್ವೀಪದ ಹವಾಮಾನ ಆಫೀಸಲ್ಲಿ ದಿನಾ ಬೆಲೂನು ಹಾರಿಸ್ತೀಯ, ಸರಿ. ಅಕ್ಕಿ ಚೆನ್ನಾಗಿಲ್ಲ, ಸರಿ. ಆಮೇಲೆ ಬರೆದಿದೀಯಲ್ಲ: "ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಇಲ್ಲಿನ ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ತಿಳಿ ಸಮುದ್ರದ, ತಳದಲ್ಲಿ ಅರ್ಧ ಗಂಟೆ ಕೂತಿದ್ದೆ. ತಳದಲ್ಲೂ ಹಗಲು. ಮರಳನ್ನು ಹರಳು ಹರಳಾಗಿ ನೋಡಬಹುದು." ಇದನ್ನ ನಿಮ್ಮಮ್ಮ ಮೂರು ಸಲ ಓದಿಸಿದ್ಲು. ಮೊದಲನೇ ಸಲ ಅತ್ತಳು. ಎರಡನೇ ಸಲ ನನ್ನ ಬೈದಳು, "ನಿನ್ ಬುದ್ಧಿನೇ ಬಂದದೆ ಇವ್ನಿಗೆ" ಅಂತ. ಮೂರನೇ ಸಲಕ್ಕೆ ಅಕ್ಕಪಕ್ಕದವರನ್ನ ಕೂಗಿ ಕೂರಿಸಿಕೊಂಡ್ಳು.

ಲೇ ಸಿದ್ಗಂಗ, ಇದು ನೀನೇ ಏನೋ? ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಈಜು ಕಲಿಸೋಣ ಅಂತ ಬಾವಿಗೆ ಇಳಿಸಿದ್ರೆ, ಬುರುಡೆ ಸಮೇತ ಬಸ್‌ಸ್ಟಾಂಡಿಗೆ ಓಡಿಹೋದವನು?

ನನ್ನ ಕಸುಬು ನಿನಗೆ ಗೊತ್ತು. ಬಾವಿಗೆ ಕೊಡ ಬಿದ್ದರೆ ಪೇಟೆಯವರು ಮೊದಲು ನಮ್ಮನೆ ಪಾತಾಳಗರಡಿ ಕೇಳ್ತಾರೆ. ಅದರ ಕೊಕ್ಕೆಗೆ ಕೊಡ ಸಿಗದಿದ್ರೆ ನನ್ನನ್ನ ಕೇಳ್ತಾರೆ. ಮೇಲೆ ಬಂದ ಪಾತ್ರೆ ಯಾರದು ಅಂತ ತಿಳಿಯೋಕೆ ಅದರ ಮೇಲೆ ಕೊರೆದ ಹೆಸರು ನೋಡೀ ನೋಡೀನೇ ನಾನು ಅಕ್ಷರ ಕಲಿತದ್ದು. ಸ್ಕೂಲು ನನ್ನ ಕಂಡಿಲ್ಲ, ನಾನು ಅದನ್ನ ಕಂಡಿಲ್ಲ. ಆದರೆ ಒಂದು ಮಾತು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಲವತ್ತೈದು ವರ್ಷದಿಂದ ತಳ ಮುಟ್ಟಿದೀನಿ. ಒಂದ್ಸಲವೂ ತಳ ನೋಡಿಲ್ಲ. ಮೂರಾಳು ಇಳಿದ್ರೆ ಕತ್ತಲೆ, ಕೆಸರು, ಬರೀ ಕೈಯೇ ಕಣ್ಣು. ನೀರಿನ ಅಡಿ ಹೇಗಿರುತ್ತೆ ಅಂತ ಒಂದೇ ಒಂದು ಸಲ ನೋಡಬೇಕು.

ಅದಕ್ಕೇ ನಾನು ಬರ್ತಾ ಇದೀನಿ. ಏನೇನು ತಯಾರಿ ಬೇಕೋ ಬರಿ.

ನಿನ್ನ ಮಾವ
ಚಿಕ್ಕಬೀರಯ್ಯ


ಮಿನಿಕಾಯ್
8-10-1983

ಪೂಜ್ಯ ಮಾವನವರಿಗೆ ಸಿದ್ದಗಂಗಯ್ಯನ ನಮಸ್ಕಾರಗಳು.

ಮಳೆಗಾಲದಲ್ಲಿ ಅಪರೂಪವಾಗಿದ್ದ ಹಡಗು ಈಗ ತಾನೇ ಸರಿಯಾಗಿ ಶುರುವಾಗಿದೆ. ನಿಮ್ಮ ಕಾಗದ ನೋಡಿ ಬಹಳ ಸಂತೋಷವಾಯಿತು. ಆದರೆ.

ಇಲ್ಲಿಗೆ ಬರುವುದು ಕುಣಿಗಲ್ಲಿಗೆ ಹೋಗಿಬಂದ ಹಾಗಲ್ಲ ಮಾವ. ಪರ್ಮಿಟ್ಟು ಬೇಕು, ಅದಕ್ಕೆ ಪೊಲೀಸರು ಮನೆಗೆ ಬಂದು ವಿಚಾರಣೆ ಮಾಡುತ್ತಾರೆ. ಕೊಚ್ಚಿಯಿಂದ ಹಡಗು ಹತ್ತಿದರೆ ಗಟ್ಟಿ ಗಂಡಸರೂ ವಾಂತಿ ಮಾಡಿಕೊಂಡು ಮಲಗುತ್ತಾರೆ. ಸಿಲಿಂಡರ್ ನಮ್ಮ ಒರಳಿನ ಗುಂಡಿನಷ್ಟು ಭಾರ. ಎದೆ, ಕಣ್ಣು, ಕಿವಿ ಎಲ್ಲ ನೋಡಿ ಡಾಕ್ಟರು ಸರ್ಟಿಫಿಕೇಟು ಕೊಡಬೇಕು. ಇಷ್ಟಾದ ಮೇಲೂ ಆ ಸಿಲಿಂಡರ್‌ಗಳು ನನ್ನವಲ್ಲ. ಸಮುದ್ರ ಸಂಶೋಧನೆಯವರು ಪ್ರತಿವರ್ಷ ಡಿಸೆಂಬರಿನಲ್ಲಿ ತರುತ್ತಾರೆ, ನಾಲ್ಕು ತಿಂಗಳು ಇರುತ್ತಾರೆ. ಅವರ ಮುಖ್ಯಸ್ಥೆ ಒಬ್ಬ ಮೇಡಂ. ಬಹಳ ಖಡಕ್ಕು. ಗುರುತಿಲ್ಲದವರಿಗೆ ಒಂದು ಹಗ್ಗವನ್ನೂ ಕೊಡುವುದಿಲ್ಲ.

ನನ್ನ ವಿಷಯ ಬೇರೆ. ಅದು ಹೇಗೋ ನಡೆದುಹೋಯಿತು.

ಆದ್ದರಿಂದ ಸದ್ಯಕ್ಕೆ ಅತ್ತೆಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿಬನ್ನಿ. ನೇತ್ರಾವತಿಯಲ್ಲಿ ಮುಳುಗಿದರೆ ಪುಣ್ಯವೂ ಬರುತ್ತದೆ, ಅಲ್ಲಿ ಸರ್ಟಿಫಿಕೇಟು ಕೇಳುವುದಿಲ್ಲ.

ನಿಮ್ಮ ಅಳಿಯ
ಸಿದ್ದಗಂಗಯ್ಯ


ಗುಬ್ಬಿ
5-11-1983

ಚಿ. ಸಿದ್ದಗಂಗನಿಗೆ ಮಾವನ ಆಶೀರ್ವಾದ.

ಎಷ್ಟು ಅಚ್ಚುಕಟ್ಟಾಗಿ ಬರೆದಿದೀಯಪ್ಪ! ಒಂದೊಂದಾಗಿ ಎಲ್ಲ ಮಾಡಿ ಮುಗಿಸ್ತಾ ಇದೀನಿ.

ಪರ್ಮಿಟ್ಟಿನ ಅರ್ಜಿಯನ್ನ ತಾಲ್ಲೂಕು ಆಫೀಸಿನ ಮುಂದೆ ಕೂರೋ ದೊಡ್ಡರಂಗಯ್ಯ ಬರೆದುಕೊಟ್ಟ. ವಿಚಾರಣೆಗೆ ಪೊಲೀಸ್ನೋನು ಬಂದ. ಜಗಲೀಲಿ ಕೂತು, "ದ್ವೀಪಕ್ಕೆ ಯಾಕೆ ಹೋಗ್ತಿದೀರಿ ಯಜಮಾನ್ರೇ?" ಅಂದ.

"ಮುಳುಗೋಕೆ" ಅಂದೆ.

ಬರೆಯೋದು ನಿಲ್ಲಿಸಿದ. ನನ್ನ ಮುಖ ನೋಡಿದ. ದನಿ ಇಳಿಸಿ, "ಮನೇಲಿ ಏನಾದ್ರೂ ತೊಂದ್ರೆನಾ?" ಅಂದ.

ಒಳಗಿಂದ ನಿಮ್ಮತ್ತೆ, "ಮುಳುಗೋಕೆ ಅಷ್ಟು ದೂರ ಯಾಕೋಗ್ಬೇಕು, ಗುಬ್ಬೀಲಿ ನೀರಿಲ್ವಾ ಅಂತ ನೀವಾರಾ ಕೇಳಿ ಸ್ವಾಮಿ!" ಅಂದ್ಲು. ಅವನು ಎರಡು ಲೋಟ ಮಜ್ಜಿಗೆ ಕುಡಿದು, ತುಂಬ ಯೋಚನೆ ಮಾಡಿ, "ದೇಶ ನೋಡಲು" ಅಂತ ಬರಕೊಂಡು ಹೋದ.

ವಾಂತಿ ವಿಷಯ. ಗುಬ್ಬಿಯಿಂದ ತುಮಕೂರಿಗೆ ಬಸ್ಸಿನ ಹಿಂದಿನ ಸೀಟಲ್ಲಿ, ಹೊಟ್ಟೆ ತುಂಬ ಮುದ್ದೆ ತಿಂದು, ಮೂರು ಸಲ ಹೋಗಿ ಬಂದೆ. ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತೋರಿಗೆ ಆಯ್ತು.

ಭಾರದ ವಿಷಯ. ಒರಳಿನ ಗುಂಡನ್ನೇ ಬೆನ್ನಿಗೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ತೋಟದಲ್ಲಿ ಹನ್ನೆರಡು ತೆಂಗಿನಮರ ಸುತ್ತುತೀನಿ. ನಿಮ್ಮತ್ತೆ ದೋಸೆಗೆ ನೆನೆಹಾಕಿ ಗುಂಡು ಹುಡುಕ್ಕೊಂಡು ಬಂದು, ನನ್ನ ಬೆನ್ನಮೇಲೆ ಕಂಡು, ಏನೂ ಅನ್ನದೆ ವಾಪಸ್ ಹೋದ್ಲು. ಅವಳು ಏನೂ ಅನ್ನದೆ ಹೋದದ್ದು ಮದುವೆಯಾದ ಮೇಲೆ ಇದೇ ಮೊದಲು.

ಇನ್ನು ಮೇಡಂ. ಗುರುತಿಲ್ಲದವರಿಗೆ ಕೊಡಲ್ಲ ಅಂದ್ರೆ ಬಹಳ ನ್ಯಾಯವಾದ ಹೆಂಗಸು. ನಾನೂ ಹಾಗೇ. ಪಾತಾಳಗರಡಿ ಬೇಕು ಅಂತ ಯಾರೇ ಬರಲಿ, ಮೊದಲು ಒಂದು ಪಾತ್ರೆ ತಂದು ನಮ್ಮನೇಲಿ ಒತ್ತೆ ಇಡಬೇಕು. ಗರಡಿ ವಾಪಸ್ ಬಂದಾಗ ಪಾತ್ರೆ ವಾಪಸ್. ನಮ್ಮಪ್ಪನ ಕಾಲದಿಂದ ಇದೇ ಪದ್ಧತಿ. ಒತ್ತೆ ಇಟ್ಟವರಿಗೆ ಇಲ್ಲ ಅನ್ನಂಗಿಲ್ಲ. ನೀರಿನ ತಳಕ್ಕೆ ಹೋಗೋ ಸಾಮಾನು ಯಾವುದಾದರೇನು, ಪದ್ಧತಿ ಒಂದೇ. ಅದಕ್ಕೇ ಒಂದು ಹಿತ್ತಾಳೆ ಚೊಂಬನ್ನ ಬಟ್ಟೇಲಿ ಹೊಲಿದು ರಿಜಿಸ್ಟ್ರಿ ಪಾರ್ಸೆಲ್ ಮಾಡಿದೀನಿ. ಮೇಡಂ ಕೈಗೇ ಕೊಡು. ಗುಬ್ಬಿ ಚಿಕ್ಕಬೀರಯ್ಯ ಒಂದು ಸಿಲಿಂಡರಿಗೆ ಒತ್ತೆ ಕಳಿಸಿದಾನೆ ಅನ್ನು. ಚೊಂಬು ಖಾಲಿ ಕಳಿಸಬಾರದು ಅಂತ ಒಳಗೆ ಚಟ್ನಿಪುಡಿ ತುಂಬಿದೀನಿ. ಅದು ನಿನಗೆ, ಮೇಡಮ್ಮಿಗಲ್ಲ.

ಅದು ನಿಮ್ಮತ್ತೆಗೆ ತವರಿನವರು ಕೊಟ್ಟ ಚೊಂಬು. ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ.

ಮಾವ


ಗುಬ್ಬಿ
24-11-1983

ಚಿ. ಸಿದ್ದಗಂಗನಿಗೆ.

ನಿನ್ನ ಉತ್ತರ ಬಂದಿಲ್ಲ. ಹಡಗು ನಿಧಾನ, ಇರಲಿ. ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದ ಸುದ್ದಿ ಬರೀತಿದೀನಿ.

ಎದೆ ಮೇಲೆ ಕೊಳವೆ ಇಟ್ಟು, "ಎತ್ತಿನ ಎದೆ ಅಜ್ಜಾ ನಿಂದು" ಅಂದ್ರು. ಒಂದು ರಬ್ಬರ್ ಕೊಳವೆಗೆ ಊದಿಸಿದ್ರು, ಅದರ ಇನ್ನೊಂದು ತುದಿ ಹಿಡಕೊಂಡಿದ್ದ ನರ್ಸಮ್ಮ ಬೆಚ್ಚಿಬಿದ್ಲು. ಕಣ್ಣಿಗೆ ಗೋಡೆ ಮೇಲಿನ ಅಕ್ಷರ ಓದಿಸಿದ್ರು. ಕೊನೇ ಸಾಲಿನವರೆಗೂ ಓದಿ, ಕೆಳಗೆ ಸಣ್ಣದಾಗಿ ಹಾಕಿದ್ದ ಪ್ರೆಸ್ಸಿನ ಹೆಸರನ್ನೂ ಓದಿದೆ. ಆಮೇಲೆ ಬ್ಯಾಟರಿ ಹಿಡಿದು ಬಲಗಿವಿ ನೋಡಿದ್ರು. ಎಡಗಿವಿ ನೋಡಿದ್ರು. ಎಡಗಿವಿ ಇನ್ನೊಂದು ಸಲ ನೋಡಿದ್ರು. ಆಮೇಲೆ ಕುರ್ಚಿ ಎಳಕೊಂಡು ಕೂತು ಬಹಳ ಹೊತ್ತು ಮಾತಾಡಿದ್ರು. ಒಳ್ಳೇ ಮನುಷ್ಯ.

ಏನೋ ಯೋಚನೇಲಿ ಗುಬ್ಬಿ ಬಸ್ಸು ಬಿಟ್ಟು ಬೆಂಗಳೂರು ಬಸ್ಸು ಹತ್ತಿಬಿಟ್ಟಿದ್ದೆ. ಕ್ಯಾತ್ಸಂದ್ರದಲ್ಲಿ ಇಳಿಸಿದ್ರು. ಹೇಗೂ ಇಳಿದೆ ಅಂತ ತಟ್ಟೆ ಇಡ್ಲಿ ತಿಂದು ವಾಪಸ್ ಬಂದೆ. ಇಡ್ಲಿ ಚೆನ್ನಾಗಿತ್ತು.

ಸರ್ಟಿಫಿಕೇಟು ಆಮೇಲೆ ಕಳಿಸ್ತೀನಿ.

ಮಾವ


ಮಿನಿಕಾಯ್
16-12-1983

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಎರಡು ಕಾಗದ, ಒಂದು ಪಾರ್ಸೆಲ್ಲು ಮೂರೂ ಒಂದೇ ಹಡಗಿನಲ್ಲಿ ಬಂದವು. ಮೇಡಂ ಮತ್ತು ಅವರ ಕಡೆಯವರೂ ಅದೇ ಹಡಗಿನಲ್ಲಿ ಇಳಿದರು. ಚಟ್ನಿಪುಡಿ ಎರಡೇ ದಿನಕ್ಕೆ ಖಾಲಿ. ನಿಮ್ಮ ಆರೋಗ್ಯ ಅಷ್ಟು ಗಟ್ಟಿಯಾಗಿದೆ ಎಂದು ತಿಳಿದು ಬಹಳ ಸಂತೋಷವಾಯಿತು. ಸರ್ಟಿಫಿಕೇಟಿಗೆ ಅವಸರವಿಲ್ಲ, ನಿಧಾನವಾಗಿಯೇ ಬರಲಿ.

ಚೊಂಬಿನ ಬಗ್ಗೆ ನೀವು ಚಿಂತೆ ಮಾಡಬೇಡಿ. ಮೇಡಂ ಎದುರಿಗೇ ಇದೆ. ದಿನವೂ ನೋಡುತ್ತಾರೆ. ಅದನ್ನು ಯಾರೂ ಕದಿಯುವಂತಿಲ್ಲ, ಅಷ್ಟು ಭದ್ರವಾದ ಜಾಗದಲ್ಲಿದೆ. ತೊಳೆಯುವ ಅಗತ್ಯವೂ ಇಲ್ಲ.

ಕೆಲಸ ಬಹಳ. ಇಲ್ಲಿಗೆ ನಿಲ್ಲಿಸುತ್ತೇನೆ.

ಸಿದ್ದಗಂಗಯ್ಯ


ಗುಬ್ಬಿ
4-1-1984

ಚಿ. ಸಿದ್ದಗಂಗನಿಗೆ.

ಪರ್ಮಿಟ್ಟು ಬಂತು. ಪೋಸ್ಟಿನವನು ಬೀದಿಗೆಲ್ಲ ಕೇಳೋ ಹಾಗೆ ಓದಿ ಕೊಟ್ಟ. ಆದರೆ ಮನೇಲಿ ಬೆಂಕಿ ಬಿದ್ದಿದೆ. ಸಂಕ್ರಾಂತಿ ಬಂತು ಅಂತ ನಿಮ್ಮತ್ತೆ ಅಟ್ಟದಿಂದ ಹಿತ್ತಾಳೆ ಎಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕೋಕೆ ಕೂತಳು. ಚೊಂಬಿಲ್ಲ. ಮೊದಲು ಎದುರುಮನೆ ಶಿವರುದ್ರಮ್ಮನ ಮೇಲೆ ಗುಮಾನಿ.

"ಹೋದ ವರ್ಸ ನಾಮಕರಣಕ್ಕೆ ಇಸ್ಕೊಂಡೋದೋಳು ಕೊಟ್ಟಿದ್ಯೇನೇ?"

"ಕೊಡದೆ ನಾನೇನು ನಿನ್ ಚೊಂಬು ತಲೆದಿಂಬು ಮಾಡ್ಕಂಡು ಮಲಗ್ತೀನಾ? ಕೊಟ್ಟು ಎಲೆಅಡಿಕೆನೂ ತಿಂದೋದೆ, ಮರ್ತೋಯ್ತಾ?"

ಆರು ದಿನದಿಂದ ಇಬ್ಬರಿಗೂ ಮಾತಿಲ್ಲ. ನಾನು ಬಾಯಿಬಿಟ್ಟಿಲ್ಲ. ನಿಮ್ಮತ್ತೆ ಜೊತೆ ನಾನೂ ಹುಡುಕ್ತಾ ಇದೀನಿ, ಎಮ್ಮೆ ಕೊಟ್ಟಿಗೇಲೂ ಹುಡುಕಿದೆ. ಅದಕ್ಕೇ ಹೇಳೋದು, ಚೊಂಬನ್ನ ಮುಂದಿನ ಹಡಗಿಗೇ ಕಳಿಸು. ಬದಲಿಗೆ ಬೇರೆ ತಂಬಿಗೆ ಕಳಿಸ್ತೀನಿ ಅಂತ ಮೇಡಮ್ಮಿಗೆ ಹೇಳು.

ಇನ್ನೊಂದು. ನಮ್ಮ ಪಕ್ಕದ ತೋಟದ ಓಬಳಯ್ಯ ಇದಾನಲ್ಲ, ಅವನಿಗೂ ನನ್ನ ಜೊತೆ ಬಂದು ಮುಳುಗೋ ಆಸೆ. ಆದರೆ ಅವನ ಎಡಗಿವಿ ತಮಟೆಯಲ್ಲಿ ತೂತಿದೆಯಂತೆ, ಬಾವಿಗೆ ಹಾರೀ ಹಾರೀ ಆಗಿರಬೇಕು. ತಲೆಗೆ ನೀರು ಹಾಕ್ಕೊಳ್ಳೋವಾಗಲೂ ಹತ್ತಿ ಇಟ್ಕೋ ಅಂತ ಡಾಕ್ಟರು ಹೇಳಿದಾರಂತೆ. ಅಂಥವರು ಸಿಲಿಂಡರ್ ಕಟ್ಟಿಕೊಂಡು ಒಂದೇ ಒಂದು ಸಲ ಇಳಿದ್ರೆ ಏನಾಗುತ್ತೆ, ಮೇಡಮ್ಮನ್ನ ಕೇಳಿ ಬರಿ. ಪಾಪ, ಓಬಳಯ್ಯ ಬಹಳ ಆಸೆ ಇಟ್ಕೊಂಡಿದಾನೆ.

ಮಾವ


ಮಿನಿಕಾಯ್
20-1-1984

ಮಾವ,

ಈ ಕಾಗದವನ್ನು ಅಮ್ಮನಿಗೆ ಓದಬೇಡಿ.

ಚೊಂಬು ಲಗೂನಿನಲ್ಲಿದೆ. ಮೇಡಂ ದೋಣಿಯಲ್ಲಿದ್ದರು, ಅಲ್ಲಿಗೇ ಹೋಗಿ ಕೊಡೋಣ ಎಂದು ಹೋದೆ. ನಮ್ಮ ಪದ್ಧತಿಯನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಾ ಎದ್ದು ನಿಂತೆ. ದೋಣಿ ಓಲಾಡಿತು. ಚೊಂಬು ಬಿಟ್ಟು ದೋಣಿ ಹಿಡಿದುಕೊಂಡೆ. ಅದು ಬುಳುಬುಳು ಅಂತ ಎರಡಾಳು ಆಳಕ್ಕೆ ಇಳಿದು ಬಿಳೀ ಮರಳಿನ ಮೇಲೆ ನೆಟ್ಟಗೆ ಕೂತಿತು, ಪೂಜೆಗೆ ಇಟ್ಟ ಹಾಗೆ. ಮೇಡಂ ಹತ್ತಿರ ಬುಡಕ್ಕೆ ಗಾಜು ಕೂರಿಸಿದ ಒಂದು ಮರದ ಡಬ್ಬ ಇದೆ. ದೋಣಿಯಲ್ಲೇ ಕೂತು ಅದನ್ನು ನೀರಿನ ಮೇಲೆ ಒತ್ತಿ ಬಗ್ಗಿ ನೋಡಿದರೆ ಅಲೆಯ ಮಿರುಗೆಲ್ಲ ಹೋಗಿ ತಳ ಅಂಗೈಯಷ್ಟು ಸ್ಪಷ್ಟ ಕಾಣುತ್ತದೆ. ದಿನಾ ಅದರಲ್ಲಿ ನಿಮ್ಮ ಚೊಂಬು ನೋಡುತ್ತೇನೆ.

ಮೇಡಂ ಬೈಯಲಿಲ್ಲ. ಪದ್ಧತಿ ಕೇಳಿ ಬಹಳ ನಕ್ಕರು. "ಒತ್ತೆ ನನ್ನ ಲಗೂನಿಗೆ ಮುಟ್ಟಿದೆಯಲ್ಲ, ನಿನ್ನ ಮಾವನಿಗೆ ಒಂದು ಸಿಲಿಂಡರ್ ಎತ್ತಿಟ್ಟಿರುತ್ತೇನೆ" ಎಂದರು. ಅವರ ಕಡೆಯವರು ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇವೆ ಎಂದರು. ಬೇಡ ಎಂದೆ. ಯಾಕೆಂದರೆ ಮಾವ, ನಾನು ಸಿಲಿಂಡರ್ ಕಟ್ಟಿಕೊಂಡು ತಳದಲ್ಲಿ ಕೂತಿರಲೇ ಇಲ್ಲ. ಹೋದ ವರ್ಷ ದೋಣಿಯಲ್ಲಿ ಹಗ್ಗ ಹಿಡಿದು ಕೂತಿದ್ದೆ, ವಾಂತಿ ಮಾಡಿಕೊಂಡೆ. ಮೇಲೆ ಬಂದವರು ಹೇಳಿದ್ದನ್ನು ನಾನೇ ಕಂಡ ಹಾಗೆ ಅಮ್ಮನಿಗೆ ಬರೆದೆ. ಮೊಣಕಾಲುದ್ದ ನೀರು ದಾಟಿದವನಲ್ಲ ನಾನು. ಈಗಲೂ ಆ ಸೋರೆಬುರುಡೆ ಹುಡುಗನೇ. ನೀವು ಬಂದರೆ ಗೊತ್ತಾಗಿಬಿಡುತ್ತದೆ ಎಂದು ಧರ್ಮಸ್ಥಳದ ದಾರಿ ತೋರಿಸಿದೆ.

ಆ ಚೊಂಬನ್ನು ನಾನೇ ತೆಗೆಯುತ್ತೇನೆ. ಇಲ್ಲಿನ ದೋಣಿಯ ಯಜಮಾನರು ಈಜು ಕಲಿಸುತ್ತಿದ್ದಾರೆ. ಬರೆದ ಸುಳ್ಳಿನಲ್ಲಿ ಒಂದು ಸಾಲಾದರೂ ನಿಜ ಆಗಲಿ.

ಓಬಳಯ್ಯನವರ ವಿಷಯ ಕೇಳಿದೆ. ಕಿವಿ ತಮಟೆ ತೂತಾದವರು ಇಳಿಯಲೇಬಾರದಂತೆ, ಒಂದು ಸಲವೂ. ಒಳಗೆ ನೀರು ನುಗ್ಗಿದರೆ ತಲೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲವಂತೆ. ಪಾಪ, ಅವರಿಗೆ ಮೆತ್ತಗೆ ಹೇಳಿ. ಸದ್ಯ, ನಿಮಗೆ ಹಾಗಿಲ್ಲವಲ್ಲ.

ಸಿದ್ದಗಂಗಯ್ಯ


ಗುಬ್ಬಿ
8-2-1984

ನನ್ನಪ್ಪ ಸಿದ್ದಗಂಗಾ,

ಓಬಳಯ್ಯನ ಕಿವಿ ಸರಿಯಾಗೇ ಇದೆ. ಇಲ್ಲಿ ನಾವು ಬಯ್ಯೋದು ಮೂರನೇ ತೋಟಕ್ಕೆ ಹೋದ್ರೂ ಅವನಿಗೆ ಕೇಳಿಸುತ್ತೆ.

ಆ ಕಿವಿ ನನ್ನದು. ತುಮಕೂರಿನಲ್ಲಿ ಡಾಕ್ಟರು ಕುರ್ಚಿ ಎಳಕೊಂಡು ಹೇಳಿದ್ದು ಅದನ್ನೇ. ಇನ್ನು ಬಾವಿಯೂ ಬೇಡ ಅಂದ್ರು. ನಿನ್ನ ಕಾಗದ ಬಂದ ದಿನ ಗುಂಡು ಬಿಚ್ಚಿ ಒರಳಿಗೇ ಹಾಕಿದೆ. ನಿಮ್ಮತ್ತೆ ಬಂದು, "ಏನು, ಮುಳುಗೋದು ಮುಗೀತಾ?" ಅಂದ್ಲು. ಎಲ್ಲ ಹೇಳಿಬಿಟ್ಟೆ. ಕಿವೀದೂ, ಚೊಂಬಿಂದೂ. ನಿನ್ನ ಸುಳ್ಳೊಂದು ಬಿಟ್ಟು.

ಕಿವಿ ವಿಷಯ ಕೇಳಿ ಅವಳು ಪಕ್ಕ ಬಂದು ಕೂತ್ಲು. ಚೊಂಬಿನ ವಿಷಯ ಕೇಳಿ ಎದ್ದು ನಿಂತ್ಲು.

"ಅಂದ್ರೆ ನಮ್ಮಪ್ಪ ಕೊಟ್ಟ ಚೊಂಬು ನನಗಿಂತ ಮುಂಚೆ ಸಮುದ್ರ ನೋಡ್ತಾ?"

ಆಮೇಲೆ ಒಂದು ತಟ್ಟೆ ಕಡುಬು ತಗೊಂಡು ಶಿವರುದ್ರಮ್ಮನ ಮನೆಗೆ ಹೋದ್ಲು. ಇಬ್ಬರೂ ಸೇರಿ ಸಂಜೆವರೆಗೆ ನನ್ನ ಬೈದು ರಾಜಿಯಾದ್ರು.

ನಿನ್ನ ಸುಳ್ಳಿನ ಬಗ್ಗೆ. ನಾನು ನಲವತ್ತೈದು ವರ್ಷದಿಂದ ಮೇಲೆ ಬಂದು, "ತಳದಲ್ಲಿ ನಾಗರ ಇದೆ, ಏಳು ಕೊಪ್ಪರಿಗೆ ಇದೆ" ಅಂತ ಪೇಟೆ ಮಕ್ಕಳಿಗೆಲ್ಲ ಹೇಳಿದೀನಿ. ನೋಡಿದ್ದು ಕತ್ತಲೆ. ನಾವಿಬ್ಬರೂ ಒಂದೇ ಬಾವಿ ನೀರು. ಬುಡು.

ಈಗ ಮುಖ್ಯ ಮಾತು. ನಿನ್ನ ಕಾಗದ ನಾಲ್ಕು ಸಲ ಓದಿದ ಮೇಲೆ ತಲೆಗೆ ಹೊಳೀತು. ದೋಣೀಲಿ ಕೂತು ಡಬ್ಬದೊಳಗೆ ಬಗ್ಗಿದ್ರೆ ತಳ ಕಾಣುತ್ತೆ ಅಂತ ನೀನೇ ಬರೆದಿದೀಯ. ಹಾಗಾದ್ರೆ ನಾನು ಇಳಿಯೋದು ಯಾಕೋ? ಇಳಿಯೋ ಕೆಲಸ ನಾನು ಬೇಕಾದಷ್ಟು ಮಾಡಾಗಿದೆ. ನನಗೆ ಬೇಕಾಗಿದ್ದು ಬೆಳಕು. ಅದಕ್ಕೆ ಕಿವಿ ಬೇಡ.

ಆದ್ದರಿಂದ ಚೊಂಬನ್ನ ತೆಗೀಬೇಡ. ಕೈಮುಗೀತೀನಿ, ಮುಟ್ಟಬೇಡ. ಆಯುಸ್ಸೆಲ್ಲ ಬಿದ್ದ ಪಾತ್ರೆ ತೆಗೆದಿದೀನಿ, ಬಿದ್ದ ಪಾತ್ರೆ ತಳದಲ್ಲಿ ಹೇಗೆ ಕೂತಿರುತ್ತೆ ಅಂತ ನೋಡಿಲ್ಲ. ನಮ್ಮನೇದೇ ಒಂದು ಅಲ್ಲಿ ಕೂತಿರುವಾಗ ನೋಡದೆ ಬಿಡ್ತೀನಾ? ಏಪ್ರಿಲ್ ಮೊದಲ ಹಡಗಿಗೆ ನಿಮ್ಮತ್ತೇನೂ ಬರ್ತಾಳೆ, ಚೊಂಬು ಅವಳದೇನಾ ಅಂತ ಗುರುತು ಹಿಡಿಯೋಕೆ. ಅವಳ ಪರ್ಮಿಟ್ಟಿಗೆ ಅದೇ ಪೊಲೀಸ್ನೋನು ಬಂದು, "ಈಗ ಇಬ್ಬರೂನಾ?" ಅಂತ ಕೇಳಿ ನೀರು ಕುಡಿದ.

ಮಾವ


ಮಿನಿಕಾಯ್
12-2-1984

ಮಾವ! ತೆಗೆದೆ!

ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ. ಹನ್ನೆರಡನೇ ಸಲಕ್ಕೆ ಸಿಕ್ಕಿತು. ಇಲ್ಲಿ ಸೋರೆಬುರುಡೆ ಸಿಗುವುದಿಲ್ಲ, ಎರಡು ಒಣ ತೆಂಗಿನಕಾಯಿ ಕಟ್ಟಿ ಕಲಿಸಿದರು. ಮೂರನೇ ವಾರ ಬಿಚ್ಚಿದರು. ಈ ಸಲ ಓಡಿಹೋಗಲಿಲ್ಲ, ದ್ವೀಪದಲ್ಲಿ ಬಸ್‌ಸ್ಟಾಂಡ್ ಎಲ್ಲಿದೆ? ಮೇಡಂ ಚಪ್ಪಾಳೆ ತಟ್ಟಿದರು. ನಿಜ ಹೇಳುತ್ತೇನೆ, ತಳ ನೋಡಲಿಲ್ಲ. ಹೆದರಿಕೆಗೆ ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ. ಕೈಗೆ ತಣ್ಣಗೆ ತಗುಲಿತು, ಬಾಚಿಕೊಂಡು ಬಂದೆ. ನೀವು ಬಾವಿಯಲ್ಲಿ ಮಾಡುವ ಹಾಗೇ.

ಚೊಂಬು ತಿಕ್ಕಿ ಬಟ್ಟೆಯಲ್ಲಿ ಹೊಲಿದಿಟ್ಟಿದ್ದೇನೆ. ಮುಂದಿನ ಹಡಗಿಗೆ ಪಾರ್ಸೆಲ್ ಮಾಡುತ್ತೇನೆ. ಅತ್ತೆಗೆ ಏನೂ ಗೊತ್ತಾಗುವುದಿಲ್ಲ.

ನಿಮ್ಮ ಶಿಷ್ಯ
ಸಿದ್ದಗಂಗಯ್ಯ


ಮಿನಿಕಾಯ್
1-3-1984

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಪಾರ್ಸೆಲ್ಲಿಗೆ ಸ್ಟಾಂಪು ಅಂಟಿಸುತ್ತಾ ಪೋಸ್ಟಾಫೀಸಿನಲ್ಲಿ ನಿಂತಿದ್ದೆ. ಹಡಗಿನ ಚೀಲ ಬಿಚ್ಚಿ ನಿಮ್ಮ ಕಾಗದ ಕೈಗೆ ಕೊಟ್ಟರು. ಅಲ್ಲೇ ಓದಿದೆ. ಕಿವಿಯ ಭಾಗ ಎರಡು ಸಲ ಓದಿದೆ. ಓಬಳಯ್ಯನವರ ಬಗ್ಗೆ ನಾನು ಬರೆದದ್ದಕ್ಕೆ ಕ್ಷಮಿಸಿ.

ಪಾರ್ಸೆಲ್ ವಾಪಸ್ ಇಸಿದುಕೊಂಡು ಹೊಲಿಗೆ ಬಿಚ್ಚಿದೆ.

ಚೊಂಬನ್ನು ಮತ್ತೆ ಇಟ್ಟುಬಂದೆ ಮಾವ. ದೋಣಿಯಿಂದ ಹಾಗೇ ಎಸೆಯಬಹುದಿತ್ತು. ಎಸೆಯಲಿಲ್ಲ. ಮೇಡಂ ಹತ್ತಿರ ಮುಖಕ್ಕೆ ಹಾಕುವ ಗಾಜು ಇಸಿದುಕೊಂಡು, ಕೈಯಲ್ಲಿ ಹಿಡಿದು ಇಳಿದು, ಮೊದಲಿನಷ್ಟು ಆಳವಿಲ್ಲದ ಒಳ್ಳೇ ಬೆಳಕಿರುವ ಜಾಗ ನೋಡಿ, ಒಂದು ಹವಳದ ಗುತ್ತಿಯ ಪಕ್ಕ ಮರಳಿನ ಮೇಲೆ ಒರಗಿಸಿ ಇಟ್ಟೆ. ಈ ಸಲ ಕಣ್ಣು ಬಿಟ್ಟಿದ್ದೆ. ಏನು ಕಂಡೆ ಅಂತ ಬರೆಯುವುದಿಲ್ಲ. ಒಂದು ಸಲ ಬರೆದು ಕೆಟ್ಟಿದ್ದೇನೆ.

ಡಬ್ಬದಲ್ಲಿ ನೋಡಿದರೆ ಚೊಂಬಿನ ಮೇಲಿನ ಅಕ್ಷರ ಓದಬಹುದು: ಹೊಂಬಾಳಮ್ಮ. ಮೊದಲು ನೀವು ಓದಿ, ಆಮೇಲೆ ಡಬ್ಬ ಅತ್ತೆಗೆ ಕೊಡಿ.

ನಿನ್ನೆಯಿಂದ ಅದರೊಳಗೆ ಒಂದು ಏಡಿ ಸಂಸಾರ ಹೂಡಿದೆ. ಅತ್ತೆಗೆ ಈಗಲೇ ಹೇಳಬೇಡಿ. ಬಂದು ಅವರೇ ಅದರ ಜೊತೆ ಜಗಳ ಆಡಲಿ.

ಹಡಗಿನವರು ಇಳಿಯುವ ಜೆಟ್ಟಿಯಲ್ಲಿ ಕಾಯುತ್ತಿರುತ್ತೇನೆ.

ಸಿದ್ದಗಂಗಯ್ಯ